ಸೊಸೈಟಿಯಲ್ಲಿ ಇಟ್ಟ ದುಡ್ಡಿಗೂ ಐದು ಲಕ್ಷದ ವಿಮೆ ಇದೆಯಾ?

ಪ್ರಶ್ನೆ: ನಮ್ಮೂರಿನ ಸೇವಾ ಸಹಕಾರಿ ಸಂಘದಲ್ಲಿ ಅಡಿಕೆ ಮಾರಿದ ಹಣವನ್ನು ನಿರಖು ಠೇವಣಿ (ಎಫ್.ಡಿ.) ಇಟ್ಟಿದ್ದೇವೆ. ಸಂಘ ಎಸ್‌ಸಿಡಿಸಿಸಿ ಬ್ಯಾಂಕಿನ (ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು) ಕೆಳಗೆ ಬರುತ್ತದೆ. ಹಾಗಾದರೆ ಐದು ಲಕ್ಷದವರೆಗೆ ವಿಮೆ ಇದ್ದೇ ಇರುತ್ತದೆ ಅಲ್ವಾ? ಒಬ್ಬರು ಇದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ.

ಉತ್ತರ: ಇಲ್ಲ. ಇಲ್ಲ ಅಂದವರೇ ಸರಿ.

ಇದನ್ನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯಬೇಕಾಗುತ್ತದೆ ಅಂತ ಗೊತ್ತು. ಯಾವುದಾದರೂ ಸಂಘದ ಹೆಸರು ಪೇಪರಿನಲ್ಲಿ ಬಂದರೆ ಸಾಕು, ಅದೇ ವಾರ ಇದೇ ಪ್ರಶ್ನೆ. ಐದು ಲಕ್ಷದ ವಿಮೆ ಕೊಡುವುದು ಡಿಐಸಿಜಿಸಿ, ಅಂದರೆ ರಿಸರ್ವ್ ಬ್ಯಾಂಕಿನ ಒಡೆತನದ ಠೇವಣಿ ವಿಮಾ ನಿಗಮ. ಅದು ವಿಮೆ ಕೊಡುವುದು ಬ್ಯಾಂಕುಗಳಿಗೆ. ವಾಣಿಜ್ಯ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕು, ರಾಜ್ಯ ಮಟ್ಟದ ಅಪೆಕ್ಸ್ ಬ್ಯಾಂಕು ಎಲ್ಲವೂ ಆ ಪಟ್ಟಿಯಲ್ಲಿವೆ. ಪ್ರಾಥಮಿಕ ಸಹಕಾರಿ ಸಂಘಗಳು, ಅಂದರೆ ನಿಮ್ಮೂರಿನಂಥ ಸಂಘಗಳು, ಇಲ್ಲ. ಬೇರೆ ಕಾಯ್ದೆಯಡಿ ನೋಂದಣಿಯಾಗುವ ಸೌಹಾರ್ದ ಸಹಕಾರಿಗಳೂ ಇಲ್ಲ. ಸಂಘ ನೂರು ವರ್ಷ ಹಳೆಯದಿರಲಿ, ಕಟ್ಟಡ ಮೂರು ಮಾಳಿಗೆಯದ್ದಿರಲಿ, ಎ.ಸಿ. ಇರಲಿ, ಉತ್ತರ ಬದಲಾಗುವುದಿಲ್ಲ.

ಈಗ ಆ "ಕೆಳಗೆ ಬರುತ್ತದೆ" ಎಂಬ ಮಾತಿಗೆ ಬರೋಣ. ಎಲ್ಲ ಗೊಂದಲ ಹುಟ್ಟುವುದು ಅಲ್ಲೇ. ಸಂಘ ಅಂದರೆ ಡಿಸಿಸಿ ಬ್ಯಾಂಕಿನ ಹಳ್ಳಿ ಶಾಖೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ನಿಜ ಸಂಗತಿ ಉಲ್ಟಾ. ನೀವು ಸಂಘದ ಸದಸ್ಯರು, ಸಂಘ ಬ್ಯಾಂಕಿನ ಸದಸ್ಯ. ನೀವು ಸಂಘದಲ್ಲಿ ಪಾಲು ಬಂಡವಾಳ ಹಾಕಿದ್ದೀರಿ, ಸಂಘ ಬ್ಯಾಂಕಿನಲ್ಲಿ ಹಾಕಿದೆ. ಅಂದರೆ ಲೆಕ್ಕಕ್ಕೆ ಬ್ಯಾಂಕೇ ಸಂಘಗಳದ್ದು. ಎರಡೂ ಬೇರೆ ಬೇರೆ ಸಂಸ್ಥೆ, ಎರಡಕ್ಕೂ ಬೇರೆ ಆಡಳಿತ ಮಂಡಳಿ, ಬೇರೆ ಲೆಕ್ಕಪತ್ರ. ಸಂಘ ತಾಪತ್ರಯಕ್ಕೆ ಬಿದ್ದರೆ ನಿಮ್ಮ ಠೇವಣಿಯನ್ನು ಬ್ಯಾಂಕು ಕೊಡಬೇಕು ಅಂತ ಇಲ್ಲ.

"ಆದರೆ ಸಂಘ ನಮ್ಮ ದುಡ್ಡನ್ನು ಡಿಸಿಸಿ ಬ್ಯಾಂಕಿನಲ್ಲೇ ಇಡುತ್ತದಲ್ಲಾ" ಅಂತ ಕೇಳುವವರೂ ಇದ್ದಾರೆ. ಒಂದಷ್ಟು ಇಡುತ್ತದೆ, ನಿಜ. ಆದರೆ ಬ್ಯಾಂಕಿನ ಪುಸ್ತಕದಲ್ಲಿ ಇರುವುದು ಸಂಘದ ಹೆಸರು, ನಿಮ್ಮದಲ್ಲ. ವಿಮೆಯ ಲೆಕ್ಕಕ್ಕೆ ಇಡೀ ಸಂಘ ಒಬ್ಬ ಠೇವಣಿದಾರ. ಸಾವಿರ ಸದಸ್ಯರ ಹಣ ಸೇರಿದರೂ ಅಲ್ಲಿ ಸಿಗುವುದು ಒಂದೇ ಐದು ಲಕ್ಷ.

ಇನ್ನೊಂದು ವಾದ: ಸರ್ಕಾರವೇ ನೋಂದಣಿ ಮಾಡಿದೆ, ಸರ್ಕಾರಿ ಆಡಿಟ್ ಆಗುತ್ತದೆ, "ಎ" ಗ್ರೇಡ್ ಬಂದಿದೆ, ಮತ್ತೇನು ಬೇಕು? ಆರ್‌ಟಿಓದವರು ಲೈಸೆನ್ಸ್ ಕೊಟ್ಟರು ಅಂತ ಅಪಘಾತದ ಖರ್ಚನ್ನು ಆರ್‌ಟಿಓ ಕೊಡುತ್ತದಾ? ನೋಂದಣಿಯೂ ಅಷ್ಟೇ. "ಎ" ಗ್ರೇಡ್ ಒಳ್ಳೆಯದೇ, ನೋಡಿ ಇಡಬೇಕಾದದ್ದೇ. ಆದರೆ ಅದು ಹೋದ ವರ್ಷದ ಲೆಕ್ಕಕ್ಕೆ ಬಿದ್ದ ಅಂಕ.

ಕಾಸರಗೋಡಿನ ನೆಂಟರ ಮಾತು ಕೇಳಿ ಬರೆಯುವವರೂ ಇದ್ದಾರೆ. ಕೇರಳದಲ್ಲಿ ಸಹಕಾರಿ ಸಂಘಗಳ ಠೇವಣಿಗೆ ರಾಜ್ಯದ್ದೇ ಒಂದು ಖಾತರಿ ನಿಧಿ ಇದೆ. ಅದು ಆ ರಾಜ್ಯದ ಏರ್ಪಾಟು. ಡಿಐಸಿಜಿಸಿಗೂ ಅದಕ್ಕೂ ಸಂಬಂಧ ಇಲ್ಲ, ತಲಪಾಡಿ ದಾಟಿ ಅದು ಈಚೆ ಬರುವುದಿಲ್ಲ.

ನಿಮ್ಮ ಹಣ ಎಲ್ಲಿದೆ ಅಂತ ತಿಳಿಯಲು ವಕೀಲರು ಬೇಡ. ಠೇವಣಿ ರಸೀದಿ ತೆಗೆದು ತಲೆಬರಹ ಓದಿ. ಬಡ್ಡಿ ದರ, ವಾಯಿದೆ ದಿನಾಂಕ ಎಲ್ಲ ಆಮೇಲೆ. "ಸೇವಾ ಸಹಕಾರಿ ಸಂಘ ನಿ." ಅಂತಲೋ "ಸೌಹಾರ್ದ ಸಹಕಾರಿ ನಿ." ಅಂತಲೋ ಇದ್ದರೆ ವಿಮೆ ಇಲ್ಲ. 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ ಇಂಥ ಸಂಘಗಳು ಹೆಸರಿನಲ್ಲಾಗಲಿ ವ್ಯವಹಾರದಲ್ಲಾಗಲಿ "ಬ್ಯಾಂಕ್" ಅಂತ ಹಾಕಿಕೊಳ್ಳುವಂತಿಲ್ಲ, ಬ್ಯಾಂಕುಗಳ ಹಾಗೆ ತಮ್ಮ ಮೇಲೆ ಚೆಕ್ ಬರೆಸಿಕೊಳ್ಳುವಂತಿಲ್ಲ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆಯನ್ನೂ ಕೊಟ್ಟಿತು. ಅದರಲ್ಲಿ ವಿಮೆ ಇಲ್ಲ ಅನ್ನುವುದು ಸ್ಪಷ್ಟವಾಗಿ ಇತ್ತು. ಓದಿದವರು ಕಡಿಮೆ.

ಹಾಗಂತ ಸಂಘದಲ್ಲಿ ದುಡ್ಡು ಇಡಬೇಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಸಂಘಗಳ ಮೇಲೆ ನನಗೆ ಹೆಮ್ಮೆಯೇ ಇದೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಹೀಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ್ದು ಈ ಕರಾವಳಿಯಲ್ಲೇ. ಆದರೂ ಗದ್ದೆ, ತೋಟದವನಿಗೆ ಸಾಲ ಕೊಡಲು ಬೇರೆಯೇ ದಾರಿ ಬೇಕಾಯಿತು. ನಮ್ಮದು ಆಗ ಮದರಾಸು ಪ್ರಾಂತ್ಯ. 1904ರ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಅವಕಾಶ ಇತ್ತು, ಅವುಗಳಿಗೆ ಹಣ ಒದಗಿಸುವ ಕೇಂದ್ರ ಬ್ಯಾಂಕುಗಳಿಗೆ ಇರಲಿಲ್ಲ. 1912ರ ಕಾಯ್ದೆ ಆ ಬಾಗಿಲು ತೆರೆಯಿತು. ಅದಾದ ಮೇಲೆ ಪುತ್ತೂರಿನ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರ ಮುಂದಾಳತ್ವದಲ್ಲಿ ಜಿಲ್ಲಾ ಕೇಂದ್ರ ಬ್ಯಾಂಕು, ಅಂದರೆ ಈಗಿನ ಎಸ್‌ಸಿಡಿಸಿಸಿ ಬ್ಯಾಂಕು, ಹುಟ್ಟಿತು. ಇಂದು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಅದರ ಕೇಂದ್ರ ಕಚೇರಿ ಇದೆ, ವ್ಯಾಪ್ತಿ ದಕ್ಷಿಣ ಕನ್ನಡ ಮತ್ತು ಉಡುಪಿ.

ಬೆಳೆ ಸಾಲದ ದುಡ್ಡು ಅಪೆಕ್ಸ್ ಬ್ಯಾಂಕು, ಡಿಸಿಸಿ ಬ್ಯಾಂಕು ದಾಟಿ ನಿಮ್ಮ ಸಂಘಕ್ಕೆ ಇಳಿಯುತ್ತದೆ. ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಬಜೆಟ್‌ನಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ವಿಮೆಯದ್ದೂ ಐದು ಲಕ್ಷ, ಸಾಲದ್ದೂ ಐದು ಲಕ್ಷ. ಇವೆರಡನ್ನು ಕಲಸಿಕೊಂಡು ಬರೆದ ಪತ್ರಗಳೂ ನನ್ನ ಹತ್ತಿರ ಇವೆ. ದಯವಿಟ್ಟು ಬೇಡ.

ಡಿಸಿಸಿ ಬ್ಯಾಂಕಿನ ಕೌಂಟರಿನಲ್ಲೇ, ನಿಮ್ಮ ಹೆಸರಿನಲ್ಲೇ ಠೇವಣಿ ಇಟ್ಟರೆ ವಿಮೆ ಇದೆ. ಅಲ್ಲೂ ಒಂದು ಮಾತು. ಐದು ಲಕ್ಷ ಅನ್ನುವುದು ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ. ಪುತ್ತೂರು ಶಾಖೆಯಲ್ಲಿ ಐದು, ಸುಳ್ಯ ಶಾಖೆಯಲ್ಲಿ ಐದು ಇಟ್ಟರೆ ಹತ್ತು ಆಗುವುದಿಲ್ಲ. ವಿಮೆಯ ಕಂತು ಕಟ್ಟುವುದು ಬ್ಯಾಂಕು, ನೀವಲ್ಲ. 1962ರಲ್ಲಿ ಈ ವಿಮೆ ಶುರುವಾದಾಗ ಮಿತಿ 1,500 ರೂಪಾಯಿ. 1993ರಿಂದ ಒಂದು ಲಕ್ಷ. 2020ರ ಫೆಬ್ರವರಿಯಿಂದ ಐದು ಲಕ್ಷ.

ಸಂಘದಲ್ಲಿ ಸ್ವಲ್ಪ ಜಾಸ್ತಿ ಬಡ್ಡಿ ಸಿಗುತ್ತದೆ ಅಂತ ಇಡುವವರು ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಮಹಾಸಭೆಗೆ ಹೋಗಿ. ಅಲ್ಲಿ ಕೊಡುವ ವರದಿ ಪುಸ್ತಕದಲ್ಲಿ ಫೋಟೋ ಪುಟ ದಾಟಿಸಿ, ಸುಸ್ತಿ ಸಾಲ ಎಷ್ಟು, ವಸೂಲಾತಿ ಎಷ್ಟು ಅಂತ ನೋಡಿ. ಊಟ ಆಮೇಲೂ ಇರುತ್ತದೆ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಉಳಿಯುತ್ತದೆ. ಸಂಘವೇ ಮುಳುಗಿದರೆ ಸದಸ್ಯನ ಮನೆ, ತೋಟಕ್ಕೆ ಕೈ ಹಾಕಬಹುದಾ? ಒಂದು ಕಾಲದಲ್ಲಿ ಹಾಕಬಹುದಿತ್ತು. ಮದರಾಸು ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿನ ರೈತ ಬ್ಯಾಂಕುಗಳನ್ನು ನೋಡಲು ಹಚ್ಚಿತ್ತು. ಅವನಿಗೆ ಬಹಳ ಹಿಡಿಸಿದ್ದು ಜರ್ಮನಿಯ ರೈಫೈಸನ್ ಪದ್ಧತಿ. ಅಲ್ಲಿ ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಆಸ್ತಿಯ ಸಮೇತ ಹೊಣೆ. 1904ರ ಕಾಯ್ದೆಯೂ ಹಳ್ಳಿ ಸಂಘಗಳಿಗೆ ಸಾಮಾನ್ಯವಾಗಿ ಅದೇ ನಿಯಮ ಹಾಕಿತು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ಆ ಕಾಲದ್ದು. ಪಕ್ಕದ ಮನೆಯವನ ಸಾಲಕ್ಕೆ ನನ್ನ ಹೊಲ ಹೋಗಬಹುದು ಅಂದಾಗ, ಅವನು ಸಾಲದ ದುಡ್ಡಿನಲ್ಲಿ ಎತ್ತು ತಂದನಾ, ಮದುವೆ ಮಾಡಿದನಾ ಅಂತ ಊರೇ ಕಣ್ಣಿಡುತ್ತಿತ್ತು. ಆಡಿಟರ್ ಬೇಕಾಗಿರಲಿಲ್ಲ.

ಈಗ ನಿಮ್ಮ ಹೊಣೆ ಪಾಲು ಬಂಡವಾಳದ ಮಟ್ಟಿಗೆ ಮಾತ್ರ. ಪಾಲಿನ ಹಣ ಹೋಗಬಹುದು, ಠೇವಣಿ ಸಿಕ್ಕಿಬೀಳಬಹುದು, ಮನೆಗೆ ಯಾರೂ ಬರುವುದಿಲ್ಲ. ಬೇರೆಯವರ ಸಾಲಕ್ಕೆ ಜಾಮೀನು ಹಾಕಿದ್ದರೆ ಮಾತ್ರ ಲೆಕ್ಕ ಬೇರೆ. ಸಾಲಗಾರ ಕಟ್ಟದಿದ್ದರೆ ಸಂಘ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಅಡಿ ದಾವೆ ಹಾಕುವಾಗ ಜಾಮೀನುದಾರನ ಹೆಸರನ್ನೂ ಸೇರಿಸುತ್ತದೆ. ಠೇವಣಿ ವಾಪಸ್ ಸಿಗದವರು ದೂರು ಕೊಡುವುದೂ ಅದೇ ಕಲಂ ಅಡಿ.