ಓದಿದರೆ ಉಚಿತ, ಒಯ್ದರೆ ಠೇವಣಿ: ಗ್ರಂಥಾಲಯದ ಶುಲ್ಕಕ್ಕೂ ಒಂದು ಚರಿತ್ರೆಯಿದೆ

ಬೆಂಗಳೂರಿನಲ್ಲಿ ಮನೆ ಕಂದಾಯ ಕಟ್ಟುವವರು ಅದರ ರಸೀದಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಮೂಲ ತೆರಿಗೆಯ ಜೊತೆಗೆ ಆರೋಗ್ಯ ಕರ, ಭಿಕ್ಷುಕರ ಕರ ಇರುತ್ತವೆ, ಅವುಗಳ ಸಾಲಿನಲ್ಲೇ ಗ್ರಂಥಾಲಯ ಕರವೂ ಇರುತ್ತದೆ. ಇದು ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. ವರ್ಷಕ್ಕೆ 5,000 ರೂಪಾಯಿ ಕಂದಾಯ ಬರುವ ಮನೆಯಿಂದ 300 ರೂಪಾಯಿ ಗ್ರಂಥಾಲಯದ ಹೆಸರಿನಲ್ಲೇ ಹೋಗುತ್ತದೆ. ಬಾಡಿಗೆ ಮನೆಯಲ್ಲಿರುವವರು ಬಾಡಿಗೆಯ ಮೂಲಕ ಇದರ ಪಾಲು ಹೊರುತ್ತಾರೆ, ಅವರ ಕೈಗೆ ರಸೀದಿ ಬರುವುದಿಲ್ಲ ಅಷ್ಟೇ.

ಅದೇ ಮನೆಯ ಹುಡುಗಿ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ ಸಂಜೆಯವರೆಗೆ ಕೂತು ಓದಿದರೆ ಯಾರೂ ಕಾಸು ಕೇಳುವುದಿಲ್ಲ. ಪುಸ್ತಕವನ್ನು ಮನೆಗೆ ಒಯ್ಯುವುದಾದರೆ ಸದಸ್ಯಳಾಗಬೇಕು, ಠೇವಣಿ ಇಡಬೇಕು. ತಡ ಮಾಡಿದರೆ ದಂಡ. ಜೆರಾಕ್ಸ್ ಯಂತ್ರ ಇದ್ದ ಕಡೆ ಪುಟಕ್ಕಿಷ್ಟು ಎಂದು ಬೇರೆ ಲೆಕ್ಕ. ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ ಎನ್ನುವ ಈ ಗೆರೆಯನ್ನು ಕೌಂಟರಿನಲ್ಲಿ ಕೂತ ಗ್ರಂಥಪಾಲಕರು ಎಳೆದದ್ದಲ್ಲ. ಅದು ಸುಮಾರು 175 ವರ್ಷಗಳ ವಾದವಿವಾದದಲ್ಲಿ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಮೂಡಿದ ಗೆರೆ.

ಬ್ರಿಟನ್ನಿನಲ್ಲಿ 1850ರಲ್ಲಿ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಅದನ್ನು ಸಂಸತ್ತಿಗೆ ತಂದವರು ವಿಲಿಯಂ ಎವರ್ಟ್. ಹತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳು, ತೆರಿಗೆ ಕಟ್ಟುವವರಲ್ಲಿ ಮೂರರಲ್ಲಿ ಎರಡು ಪಾಲು ಮತ ಒಪ್ಪಿದರೆ, ಪೌಂಡಿಗೆ ಅರ್ಧ ಪೆನ್ನಿಯಂತೆ ಗ್ರಂಥಾಲಯ ತೆರಿಗೆ ಎತ್ತಬಹುದು. ಒಳಗೆ ಬರುವವರಿಂದ ಏನನ್ನೂ ವಸೂಲು ಮಾಡುವಂತಿಲ್ಲ. ಆದರೆ ಆ ಅರ್ಧ ಪೆನ್ನಿಯಲ್ಲಿ ಪುಸ್ತಕ ಕೊಳ್ಳಲು ಅನುಮತಿಯೇ ಇರಲಿಲ್ಲ. ಕಟ್ಟಡಕ್ಕೆ, ದೀಪಕ್ಕೆ, ಸಂಬಳಕ್ಕೆ ಖರ್ಚು ಮಾಡಬಹುದಿತ್ತು, ಪುಸ್ತಕವನ್ನು ಊರಿನ ಉಳ್ಳವರು ದಾನ ಕೊಡುತ್ತಾರೆ ಎಂಬುದು ಎಣಿಕೆ. ಐದು ವರ್ಷದಲ್ಲೇ ಆ ಎಣಿಕೆ ಹುಸಿಯಾಯಿತು. 1855ರಲ್ಲಿ ತೆರಿಗೆಯ ಮಿತಿಯನ್ನು ಒಂದು ಪೆನ್ನಿಗೆ ಏರಿಸಿ, ಪುಸ್ತಕಕ್ಕೂ ಖರ್ಚು ಮಾಡಬಹುದೆಂದು ತಿದ್ದಿದರು. ಉಚಿತ ಎಂದು ಬರೆದುಕೊಟ್ಟು ಅದಕ್ಕೆ ಬೇಕಾದ ಹಣವನ್ನು ಬರೆಯದೆ ಬಿಡುವ ಚಾಳಿ ಅಷ್ಟು ಹಳೆಯದು.

ಅಮೆರಿಕದಲ್ಲಿ ನ್ಯೂ ಹ್ಯಾಂಪ್‌ಶೈರಿನ ಪೀಟರ್‌ಬರೋ ಎಂಬ ಸಣ್ಣ ಊರು 1833ರಲ್ಲೇ ತೆರಿಗೆ ಹಣದಿಂದ ಉಚಿತ ಗ್ರಂಥಾಲಯ ನಡೆಸಿತ್ತು. ಬಾಸ್ಟನ್ನಿನ ದೊಡ್ಡ ಗ್ರಂಥಾಲಯ 1854ರಲ್ಲಿ ತೆರೆಯಿತು. 1895ರ ಅದರ ಹೊಸ ಕಟ್ಟಡದ ಬಾಗಿಲ ಮೇಲೆ ‘ಎಲ್ಲರಿಗೂ ಉಚಿತ’ ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಅಮೆರಿಕದ ಇಂಥ ಗ್ರಂಥಾಲಯಗಳನ್ನು ಕಂಡು ಬಂದ ಬರೋಡದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್, 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಅಲ್ಲಿಂದಲೇ ಕರೆತಂದು ಹಳ್ಳಿಯವರೆಗೆ ಉಚಿತ ಗ್ರಂಥಾಲಯಗಳ ಜಾಲ ಹರಡಿಸಿದರು. ನಮ್ಮ ಕಡೆ ಹಾಗಿರಲಿಲ್ಲ. ಬೆಳಗಾವಿ, ಧಾರವಾಡದ ಸೀಮೆಯ ಹಳೆಯ ವಾಚನಾಲಯಗಳು ಚಂದಾದಾರರ ಹಣದಲ್ಲಿ ನಡೆದವು. ಚಂದಾ ಕೊಟ್ಟವರಿಗೆ ಪುಸ್ತಕ, ಕೊಡಲಾಗದವರಿಗೆ ಬಹಳವೆಂದರೆ ಮೇಜಿನ ಮೇಲಿನ ಪತ್ರಿಕೆ.

ಚಂದಾದಿಂದ ತೆರಿಗೆಗೆ ನಮ್ಮನ್ನು ದಾಟಿಸಿದವರಲ್ಲಿ ಮುಖ್ಯರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದು ಗ್ರಂಥಪಾಲಕರಾದ ಅವರು 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದಿನ ಶಕ್ತಿ. ಆಗ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೆ ಹೀಗೆ ಗ್ರಂಥಾಲಯ ಕರದ ಪರಿಚಯ ಮೈಸೂರಿಗಿಂತ ಮೊದಲೇ ಆಯಿತು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್ ಇಲ್ಲಿನ ಕಾನೂನಿಗೂ ದಾರಿ ತೋರಿದರು. 1965ರಲ್ಲಿ ಕಾಯ್ದೆ ಆಯಿತು; 1966ರ ನವೆಂಬರ್ 1ರಂದು ಗ್ರಂಥಾಲಯ ಇಲಾಖೆ ಶುರುವಾಯಿತು. ಎಲ್ಲರಿಂದ ಸ್ವಲ್ಪ ಸ್ವಲ್ಪ ಮೊದಲೇ ಎತ್ತಿಬಿಟ್ಟರೆ ಬಾಗಿಲಲ್ಲಿ ಯಾರನ್ನೂ ತಡೆಯಬೇಕಿಲ್ಲ ಎಂಬುದು ಕರದ ಹಿಂದಿನ ತರ್ಕ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಪುಸ್ತಕ ಓದಿದರೆ ಸವೆಯುವುದು ಅದರ ರಟ್ಟು ಮಾತ್ರ. ಒಬ್ಬರು ಓದಿದ್ದರಿಂದ ಮುಂದಿನವರಿಗೆ ಒಂದು ಸಾಲೂ ಕಡಿಮೆಯಾಗುವುದಿಲ್ಲ. ಜೆರಾಕ್ಸ್ ಹಾಗಲ್ಲ, ಆ ಹಾಳೆ ಒಬ್ಬರ ಚೀಲ ಸೇರಿ ಹೋಗಿಬಿಡುತ್ತದೆ.

ಹೀಗೆ ಖರ್ಚಾಗಿ ಮುಗಿಯುವುದಕ್ಕೆ ದುಡ್ಡು, ಉಳಿಯುವುದಕ್ಕೆ ಬೇಡ ಎಂದು ಹೇಳಿದರೆ ಕೇಳಲು ಸರಳ. ಆದರೆ ಕಾನೂನು ಬರೆದವರು ಗೆರೆ ಎಳೆದದ್ದು ಬೇರೆ ಕಡೆ. ಬ್ರಿಟನ್ನಿನ 1964ರ ಕಾಯ್ದೆ ಪುಸ್ತಕ, ನಿಯತಕಾಲಿಕೆ, ಕಿರುಹೊತ್ತಿಗೆಗಳ ಎರವಲಿಗೆ ಶುಲ್ಕ ಕೂಡದು ಎಂದಿತು, ಗ್ರಾಮಫೋನ್ ತಟ್ಟೆಗಳಿಗೆ ಶುಲ್ಕ ಹಾಕಬಹುದು ಎಂದಿತು. ತಟ್ಟೆಯೂ ಹಿಂದಕ್ಕೆ ಬರುವ ವಸ್ತುವೇ ಅಲ್ಲವೇ? ಪುಸ್ತಕ ಎಂದರೆ ವಿದ್ಯೆ, ಸಂಗೀತ ಎಂದರೆ ಮನರಂಜನೆ ಎಂಬ ಭಾವನೆ ಅಲ್ಲಿ ಕೆಲಸ ಮಾಡಿದೆ. ಒಂದು ಹಗುರ ಪತ್ತೇದಾರಿ ಕಾದಂಬರಿ ಉಚಿತವಾಗಿ ಮನೆಗೆ ಹೋಗುತ್ತದೆ. ಸಂಗೀತ ಕಲಿಯುವ ಹುಡುಗ ತಟ್ಟೆಗೆ ಹಣ ಕೊಡಬೇಕಾಗುತ್ತದೆ. ವೀಡಿಯೋ ಕ್ಯಾಸೆಟ್, ಸೀಡಿ, ಡೀವೀಡಿ ಬಂದಾಗಲೂ ಇದೇ ಗೆರೆ ಮುಂದುವರಿಯಿತು. ಓದುಗನಿಗೆ ಏನು ಬೇಕು ಎನ್ನುವುದಕ್ಕಿಂತ ವಸ್ತು ಯಾವ ಆಕಾರದಲ್ಲಿದೆ ಎನ್ನುವುದೇ ಶುಲ್ಕವನ್ನು ತೀರ್ಮಾನಿಸಿತು.

1988ರಲ್ಲಿ ಅಲ್ಲಿನ ಸರ್ಕಾರ ಇನ್ನೂ ಮುಂದೆ ಹೋಗಲು ನೋಡಿತು. ಚರ್ಚೆಗೆಂದು ಹೊರಡಿಸಿದ ಕರಡಿನಲ್ಲಿ, ಹೆಚ್ಚು ಬೇಡಿಕೆಯಿರುವ ಹೊಸ ಪುಸ್ತಕಗಳನ್ನು ಚಂದಾ ಕೊಟ್ಟವರಿಗೆ ಮೊದಲು ಕೊಡುವ ಯೋಚನೆಯೂ ಇತ್ತು. ಗ್ರಂಥಪಾಲಕರು, ಓದುಗರು ಗಟ್ಟಿಯಾಗಿ ವಿರೋಧಿಸಿದರು, ಪುಸ್ತಕದ ಎರವಲು ಉಚಿತವಾಗಿಯೇ ಉಳಿಯಿತು.

ಯುನೆಸ್ಕೋದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯ ಮಾತುಗಳನ್ನು ಕಾಲಕ್ರಮದಲ್ಲಿ ಓದಿದರೆ ಈ ಜಗ್ಗಾಟ ಕಣ್ಣಿಗೆ ಕಾಣುತ್ತದೆ. 1949ರಲ್ಲಿ, ಪೂರ್ತಿಯಾಗಿ ಇಲ್ಲವೇ ಮುಖ್ಯವಾಗಿ ಸಾರ್ವಜನಿಕ ಹಣದಿಂದ ನಡೆಯಬೇಕು ಎಂದಿತ್ತು. 1972ರಲ್ಲಿ ಮಾತು ಬಿಗಿಯಾಯಿತು: ಪೂರ್ತಿ ಸಾರ್ವಜನಿಕ ಹಣವೇ ಆಗಬೇಕು, ಯಾವ ಸೇವೆಗೂ ಯಾರಿಂದಲೂ ನೇರವಾಗಿ ಶುಲ್ಕ ಪಡೆಯಬಾರದು. 1994ರಲ್ಲಿ ಅದು ‘ತಾತ್ವಿಕವಾಗಿ’ ಉಚಿತವಾಗಿರಬೇಕು ಎಂದಾಯಿತು. ಆ ಒಂದು ಪದದಲ್ಲಿ ಎಷ್ಟೋ ದೇಶಗಳ ಕೌಂಟರುಗಳಿಗೆ ಜಾಗ ಸಿಕ್ಕಿತು. ನೆದರ್ಲೆಂಡ್ಸ್‌ನಲ್ಲಿ ದೊಡ್ಡವರು ವರ್ಷದ ಚಂದಾ ಕೊಡುತ್ತಾರೆ, ಮಕ್ಕಳಿಗೆ ಸಾಮಾನ್ಯವಾಗಿ ಉಚಿತ.

ದಂಡದ ಕತೆ ಇನ್ನೊಂದು ಬಗೆಯದು. ಅದು ಆದಾಯಕ್ಕಲ್ಲ, ಪುಸ್ತಕ ಬೇಗ ವಾಪಸು ಬರಲಿ ಎಂದು ಎಲ್ಲರೂ ಹೇಳುತ್ತಿದ್ದರು. ಶಿಕಾಗೊ ನಗರದ ಗ್ರಂಥಾಲಯ ತನ್ನ ಲೆಕ್ಕ ತೆಗೆದು ನೋಡಿದಾಗ, ಬಡವರು ಹೆಚ್ಚಿರುವ ದಕ್ಷಿಣ ಭಾಗದಲ್ಲಿ ಮೂವರು ಸದಸ್ಯರಲ್ಲಿ ಒಬ್ಬರಿಗೆ ಎರವಲು ನಿಂತುಹೋಗಿತ್ತು, ಉತ್ತರ ಭಾಗದಲ್ಲಿ ಆರು ಜನರಲ್ಲಿ ಒಬ್ಬರಿಗೆ. ಒಂದೇ ದರದ ದಂಡ ಎರಡು ಕೇರಿಗಳಲ್ಲಿ ಎರಡು ರೀತಿ ಕಚ್ಚಿತ್ತು. 2019ರ ಅಕ್ಟೋಬರಿನಲ್ಲಿ ಅಲ್ಲಿ ತಡದ ದಂಡವನ್ನೇ ತೆಗೆದರು. ಹೆದರಿ ಮನೆಯಲ್ಲೇ ಇಟ್ಟುಕೊಂಡಿದ್ದ ಪುಸ್ತಕಗಳು ರಾಶಿ ರಾಶಿ ವಾಪಸು ಬಂದವು. 2021ರಲ್ಲಿ ನ್ಯೂಯಾರ್ಕ್ ಕೂಡ ಅದೇ ದಾರಿ ಹಿಡಿಯಿತು.

ನಮ್ಮಲ್ಲಿ ದಂಡಕ್ಕಿಂತ ದೊಡ್ಡ ತಡೆ ಠೇವಣಿ. ವಾಪಸು ಕೊಡುವ ಹಣ ಶುಲ್ಕವಲ್ಲ ಎಂದು ಕಾಗದದ ಮೇಲೆ ವಾದಿಸಬಹುದು. ನಾನು ಹೈಸ್ಕೂಲಿನಲ್ಲಿದ್ದಾಗ ಊರಿನ ಗ್ರಂಥಾಲಯದ ಸದಸ್ಯನಾಗಲು ಠೇವಣಿಯ ಜೊತೆ ಗೆಜೆಟೆಡ್ ಅಧಿಕಾರಿಯ ಸಹಿಯೂ ಬೇಕಿತ್ತು. ಸಹಿಯನ್ನು ಹೆಡ್ ಮಾಸ್ತರರು ಹಾಕಿಕೊಟ್ಟರು. ಹಣಕ್ಕೆ ಅಮ್ಮ ‘ಸುಗ್ಗಿ ಆಗಲಿ’ ಎಂದಳು. ಸುಗ್ಗಿಯವರೆಗೆ ನಾಲ್ಕು ತಿಂಗಳು ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ, ಆರು ಗಂಟೆಗೆ ಬಾಗಿಲು ಹಾಕುವಾಗ ಪುಟದ ಸಂಖ್ಯೆ ನೆನಪಿಟ್ಟುಕೊಂಡು ಎದ್ದುಬರುತ್ತಿದ್ದೆ. ವಾಪಸು ಬರುವ ದುಡ್ಡೇ ಆದರೂ ಮೊದಲು ಕೈಯಲ್ಲಿ ಇರಬೇಕಲ್ಲ. ಪುಸ್ತಕ ಕಳೆದುಹೋಗುವ ಭಯ ಗ್ರಂಥಪಾಲಕರಿಗೆ ಇರುವುದು ನಿಜ. ದಾಸ್ತಾನು ಎಣಿಸುವಾಗ ಕಡಿಮೆ ಬಿದ್ದರೆ ಉತ್ತರ ಕೊಡಬೇಕಾದವರು ಅವರೇ. ಹಾಗಿದ್ದರೆ ಸರಿಪಡಿಸಬೇಕಾದದ್ದು ಆ ನಿಯಮವನ್ನು. ನಷ್ಟವನ್ನು ಸಿಬ್ಬಂದಿಯ ತಲೆಗೆ ಕಟ್ಟುವವರೆಗೆ ಅವರು ಓದುಗನಿಂದ ಜಾಮೀನು ಕೇಳುತ್ತಲೇ ಇರುತ್ತಾರೆ.

ಕರದ ಹಣ ಬರಬೇಕಾದಲ್ಲಿಗೆ ಬರುತ್ತಿಲ್ಲ ಎಂಬುದು ಇನ್ನೊಂದು ಗಂಟು. ಬೆಂಗಳೂರಿನ ಪಾಲಿಕೆ ವಸೂಲು ಮಾಡಿದ ಗ್ರಂಥಾಲಯ ಕರವನ್ನು ಪೂರ್ತಿ ದಾಟಿಸಿಲ್ಲ, ಬಾಕಿ ನೂರಾರು ಕೋಟಿ ಎಂಬ ದೂರು ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಿದೆ. ಜನ ಒಮ್ಮೆ ಕೊಟ್ಟ ಹಣ ನಡುದಾರಿಯಲ್ಲಿ ನಿಂತಾಗ, ಅದೇ ಜನರಿಂದ ಎರಡನೇ ಸಲ ಕೇಳುವ ಆಸೆ ಕೌಂಟರಿಗೆ ಹುಟ್ಟುತ್ತದೆ. ಯಾವ ಸೇವೆಗೆ ಶುಲ್ಕ ಎಂಬ ಚರ್ಚೆ ಅಲ್ಲಿಂದ ಶುರುವಾದರೆ ಅದು ಅನ್ಯಾಯದ ಚರ್ಚೆ.

ಕಂಪ್ಯೂಟರ್ ಬಂದ ಮೇಲೆ ಹಳೆಯ ಗೆರೆ ಇನ್ನಷ್ಟು ಮಸುಕಾಗಿದೆ. 2020ರಲ್ಲಿ ಶುರುವಾದ ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಲು ಹಣವಿಲ್ಲ. ಹಳ್ಳಿಯ ಯುವಕನಿಗೆ ಇವತ್ತು ತುರ್ತಾಗಿ ಬೇಕಾಗುವುದು ಕೆಪಿಎಸ್‌ಸಿ ಪರೀಕ್ಷೆಯ ಅರ್ಜಿ ತುಂಬುವ ಒಂದು ಪರದೆ, ಹಾಲ್ ಟಿಕೆಟ್ಟಿನ ಒಂದು ಪ್ರಿಂಟು. ಹಾಳೆ ಖರ್ಚಾಗುತ್ತದೆ ಎಂಬ ನನ್ನದೇ ತರ್ಕ ಇಲ್ಲಿ ನನಗೆ ಸಾಲದು ಅನ್ನಿಸುತ್ತದೆ. ಮೊದಲ ಕೆಲವು ಹಾಳೆ ಉಚಿತ, ಆಮೇಲೆ ಖರ್ಚಿನಷ್ಟು ಮಾತ್ರ ಎಂದಿಟ್ಟರೆ ಯಾವ ಗ್ರಂಥಾಲಯವೂ ಮುಳುಗುವುದಿಲ್ಲ.

ಒಂದು ಒಳ್ಳೆಯ ತಿರುವು ಬಂದದ್ದು ಹಳ್ಳಿಗಳಿಂದಲೇ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಲಕ್ಷಗಟ್ಟಲೆ ಮಕ್ಕಳು ಕಾರ್ಡು ಪಡೆದರು. ಆಗ ಹನ್ನೆರಡು ವರ್ಷವಾಗಿದ್ದವರಿಗೆ 2026ರಲ್ಲಿ ಹದಿನೆಂಟು. ಅವರು ಅದೇ ಬಾಗಿಲಿಗೆ ಮತ್ತೆ ಬಂದು ಮನೆಗೊಂದು ಪುಸ್ತಕ ಕೇಳಿದಾಗ, ಮೇಜಿನ ಆಚೆಯಿಂದ ಮೊದಲು ಬರುವ ಮಾತು ‘ಯಾವ ಪುಸ್ತಕ ಬೇಕಮ್ಮ’ ಎಂದಿರುತ್ತದೋ, ‘ಠೇವಣಿ ತಂದಿದ್ದೀಯಾ’ ಎಂದಿರುತ್ತದೋ.