ಡೊಮೇನ್ ಯಾರ ಹೆಸರಲ್ಲಿದೆ ಸಾರ್?

"ಸೈಟ್ ಓಪನ್ ಆಗ್ತಿಲ್ಲ ಸಾರ್. ಹೋಸ್ಟಿಂಗ್ ದುಡ್ಡು ಕಟ್ಟಿದ್ದೀವಿ, ರಶೀದಿನೂ ಇದೆ."

ಸಂಘದವರು ಬಂದು ಹೀಗೆ ಶುರು ಮಾಡಿದರೆ ಅರ್ಧ ಕತೆ ನನಗೆ ಗೊತ್ತಾಗಿಬಿಡುತ್ತದೆ. ರಶೀದಿ ಕಡೆ ನೋಡುವುದೂ ಇಲ್ಲ. "ಡೊಮೇನ್ ಯಾರ ಹೆಸರಲ್ಲಿದೆ?" ಎಂದು ಕೇಳುತ್ತೇನೆ. ಡೊಮೇನ್ ಅಂದರೆ ಸೈಟ್ ತೆರೆಯಲು ಜನ ಟೈಪ್ ಮಾಡುವ ಹೆಸರು. ಅಧ್ಯಕ್ಷರು ಕಾರ್ಯದರ್ಶಿ ಮುಖ ನೋಡುತ್ತಾರೆ, ಕಾರ್ಯದರ್ಶಿ ಖಜಾಂಚಿ ಮುಖ ನೋಡುತ್ತಾರೆ. ಕೊನೆಗೆ ಯಾರಾದರೊಬ್ಬರು "ಆಗ ಒಬ್ಬ ಹುಡುಗ ಮಾಡಿಕೊಟ್ಟಿದ್ದ..." ಅಂತ ರಾಗ ಎಳೆಯುತ್ತಾರೆ.

ಆ ಹುಡುಗ ಇಲ್ಲದ ಸಂಘವನ್ನು ನಾನು ಇನ್ನೂ ನೋಡಿಲ್ಲ. 1990ರ ದಶಕದ ಕೊನೆಯಲ್ಲಿ ನಾನೂ ಅಂಥ ಹುಡುಗನೇ ಆಗಿದ್ದೆ. ಸಂಬಳ ಇಲ್ಲ, ಹುದ್ದೆ ಇಲ್ಲ, ಬರೀ ಹುಚ್ಚು.

ಆಗಿನ ಕೆಲಸ ಹೇಳಿದರೆ ಈಗಿನವರು ನಗುತ್ತಾರೆ. ಫೋನ್ ಲೈನಿನ ಮೂಲಕ ಇಂಟರ್ನೆಟ್ ಹಿಡಿಯುವ ಮೋಡೆಮ್ ಕಿರ್ರೋ ಅಂತ ಕಿರುಚಿ ಲೈನ್ ಸಿಗಬೇಕು, ಮಧ್ಯೆ ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಮುಗೀತು, ಅಪ್‌ಲೋಡ್ ಮತ್ತೆ ಮೊದಲಿಂದ. ಮೋಡೆಮ್ ಡಬ್ಬದ ಮೇಲೆ 56 ಕೆ, ಅಂದರೆ ಸೆಕೆಂಡಿಗೆ 56 ಕಿಲೋಬಿಟ್, ಅಂತ ದೊಡ್ಡದಾಗಿ ಬರೆದಿತ್ತು. ಅದು ಇಳಿಸಿಕೊಳ್ಳುವ ವೇಗ. ನಾವು ಕಳಿಸುವಾಗ ಹೆಚ್ಚೆಂದರೆ 33.6 ಅಷ್ಟೇ. ಹಾಗಾಗಿ ವಾರ್ಷಿಕೋತ್ಸವದ ಫೋಟೋ ಒಂದೊಂದನ್ನೂ 30 ಕೆಬಿಗೆ ಇಳಿಸಿ, ಮುಖ ಗುರುತು ಸಿಗುತ್ತಾ ಅಂತ ನೋಡಿ, ಆಮೇಲೆ ಹಾಕುತ್ತಿದ್ದೆ. ಹಾಕಿದ ಮೇಲೂ ನೆಮ್ಮದಿ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಪುಟ ಚೆಂದ ಕಾಣುತ್ತಿತ್ತು, ಬೇರೆಯವರು ತೆರೆದರೆ ಫೋಟೋ ಜಾಗದಲ್ಲಿ ಒಂದು ಖಾಲಿ ಚೌಕ, ಅದರ ಮೂಲೆಯಲ್ಲಿ ಕೆಂಪು ಇಂಟು ಗುರುತು. ಪುಟ ಮಾಡುವ ಸಾಫ್ಟ್‌ವೇರ್ ಫೋಟೋ ಇರುವ ಜಾಗ ನನ್ನ ಸಿ ಡ್ರೈವ್ ಅಂತಲೇ ಬರೆದಿಟ್ಟಿರುತ್ತಿತ್ತು. ಬ್ರೌಸರ್ ಪಾಪ ಅವರವರ ಸಿ ಡ್ರೈವ್‌ನಲ್ಲಿ ಹುಡುಕಿ ಕೈಚೆಲ್ಲುತ್ತಿತ್ತು. ಇದು ಗೊತ್ತಾಗುವ ಹೊತ್ತಿಗೆ ನಾನು ಮೂರು ಜನರ ಹತ್ತಿರ "ನಿಮ್ಮ ಕಂಪ್ಯೂಟರೇ ಸರಿಯಿಲ್ಲ" ಅಂತ ಹೇಳಿಯಾಗಿತ್ತು.

ಫೋಟೋಗೆ ಇಷ್ಟು ಒದ್ದಾಡಿದವರು ಡೊಮೇನ್ ಅರ್ಜಿಯನ್ನು ಮಾತ್ರ ಎರಡು ನಿಮಿಷದಲ್ಲಿ ತುಂಬಿ ಎದ್ದಿದ್ದೆವು.

ಅದಕ್ಕೂ ಕಾರಣ ಇದೆ. 1995ರ ತನಕ ಡೊಮೇನ್ ನೋಂದಣಿ ಪುಕ್ಕಟೆ. ಆ ವರ್ಷ ಶುಲ್ಕ ಬಂತು, ಎರಡು ವರ್ಷಕ್ಕೆ 100 ಡಾಲರ್. ಆನ್‌ಲೈನ್‌ನಲ್ಲಿ ಕಟ್ಟಬೇಕು ಅಂದರೆ ಕ್ರೆಡಿಟ್ ಕಾರ್ಡ್ ಬೇಕು. ಸಂಘದ ಹತ್ತಿರ ಪಾಸ್‌ಬುಕ್ ಇರುತ್ತದೆ, ಸೀಲು ಇರುತ್ತದೆ, ಕಾರ್ಡ್ ಎಲ್ಲಿಂದ ಬರಬೇಕು? ಕಾರ್ಡ್ ಇದ್ದದ್ದು ಆ ಹುಡುಗನ ಹತ್ತಿರ, ಇಲ್ಲಾಂದ್ರೆ ಅವನ ಅಣ್ಣನ ಹತ್ತಿರ. ಯಾರ ಕಾರ್ಡೋ ಅವರ ಹೆಸರು, ಅವರ ಇಮೇಲ್. ಮೋಸ ಮಾಡಬೇಕು ಅಂತ ಯಾರೂ ಮಾಡಿದ್ದಲ್ಲ.

ಈಗ ಒಂದು ವಿಷಯ ಹೇಳುತ್ತೇನೆ. ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳುವುದಕ್ಕೆ ಬೇಜಾರಿಲ್ಲ. ಹೋಸ್ಟಿಂಗ್ ಬೇರೆ, ಡೊಮೇನ್ ಬೇರೆ. ನಿಮ್ಮ ಪುಟ, ಫೋಟೋ ಎಲ್ಲ ಕೂತಿರುವ ಕಂಪ್ಯೂಟರಿನ ಬಾಡಿಗೆ ಹೋಸ್ಟಿಂಗ್. ಜನ ಟೈಪ್ ಮಾಡುವ ಹೆಸರನ್ನು ಆ ಕಂಪ್ಯೂಟರಿನ ಕಡೆ ತಿರುಗಿಸುವುದು ಡೊಮೇನ್. ಫೋನ್ ಸೆಟ್ ನಿಮ್ಮ ಕೈಯಲ್ಲೇ ಇದೆ, ಚಾರ್ಜೂ ಇದೆ, ಆದರೆ ನಂಬರ್ ಕ್ಯಾನ್ಸಲ್ ಆಗಿದೆ ಅಂತಿಟ್ಟುಕೊಳ್ಳಿ. ಯಾರು ಕರೆ ಮಾಡಿದರೂ ನಿಮ್ಮ ಫೋನ್ ರಿಂಗ್ ಆಗಲ್ಲ. ಎರಡಕ್ಕೂ ಬೇರೆ ಬೇರೆ ಬಿಲ್ಲು, ಬೇರೆ ಬೇರೆ ತಾರೀಕು, ಎಷ್ಟೋ ಸಲ ಬೇರೆ ಬೇರೆ ಕಂಪನಿ. ಒಂದರ ರಶೀದಿ ತೋರಿಸಿದರೆ ಇನ್ನೊಂದು ಉಳಿಯುವುದಿಲ್ಲ.

"ಡೊಮೇನ್ ನಾವು ಕೊಂಡುಕೊಂಡಿದ್ದೀವಲ್ಲ" ಅಂತಾರೆ. ಇಲ್ಲ ಸ್ವಾಮಿ, ಅದನ್ನು ಯಾರೂ ಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ಹಿಡಿದಿಟ್ಟುಕೊಳ್ಳುತ್ತೇವೆ, ಅಷ್ಟೇ. ಡಾಟ್ ಕಾಮ್, ಡಾಟ್ ಆರ್ಗ್‌ನಂಥವನ್ನು ಒಂದು ಸಲಕ್ಕೆ ಗರಿಷ್ಠ 10 ವರ್ಷ ಹಿಡಿಯಬಹುದು. ಹೋಗಲಿ, 10 ವರ್ಷಕ್ಕೇ ಕಟ್ಟಿಬಿಟ್ಟರೆ ತಲೆನೋವು ಇಲ್ಲ ಅಲ್ವಾ? ತಲೆನೋವು ಮುಂದಕ್ಕೆ ಹೋಯಿತು, ಅಷ್ಟೇ. 10 ವರ್ಷದಲ್ಲಿ ಸಮಿತಿ ನಾಲ್ಕು ಸಲ ಬದಲಾಗಿರುತ್ತದೆ, ಕಟ್ಟಿದ್ದು ಯಾರಿಗೂ ನೆನಪಿರುವುದಿಲ್ಲ.

ಅವಧಿ ಮುಗಿಯುವ ಮೊದಲು ನೋಂದಣಿ ಕಂಪನಿಯವರು ನೆನಪಿನ ಇಮೇಲ್ ಕಳಿಸುತ್ತಾರೆ. ಪ್ರಶ್ನೆ ಇರುವುದು ಯಾವ ಇಮೇಲ್‌ಗೆ ಅಂತ. ಆಗ ಫೋನ್ ಲೈನಿನಲ್ಲಿ ಇಂಟರ್ನೆಟ್ ಕೊಡುವ ಡಯಲ್‌ಅಪ್ ಕಂಪನಿಯೇ ಒಂದು ಇಮೇಲ್ ಕೊಡುತ್ತಿತ್ತು, ಕನೆಕ್ಷನ್ ಬಿಟ್ಟ ದಿನ ಆ ಇಮೇಲೂ ಹೋಯಿತು. ಇನ್ನು ಕೆಲವರು ಸಂಘದ ಡೊಮೇನ್‌ನಲ್ಲೇ ಇರುವ ಇಮೇಲ್ ಕೊಟ್ಟು ಜಾಣತನ ಮಾಡಿದೆವು ಅಂದುಕೊಳ್ಳುತ್ತಾರೆ. ಡೊಮೇನ್ ನಿಂತರೆ ಆ ಇಮೇಲ್ ಕೂಡ ನಿಲ್ಲುತ್ತದೆ. "ನಿಮ್ಮ ಡೊಮೇನ್ ನಿಂತಿದೆ" ಅಂತ ಹೇಳುವ ಪತ್ರ ಅದೇ ಡೊಮೇನ್‌ನ ಬಾಗಿಲಿಗೆ ಬಂದು ವಾಪಸ್ ಹೋಗುತ್ತದೆ. ಪಾಸ್‌ವರ್ಡ್ ಮರೆತಿದ್ದೀರಾ, ಹೊಸ ಪಾಸ್‌ವರ್ಡ್ ಕಳಿಸುವುದೂ ಅಲ್ಲಿಗೇ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಮರೆಯುವುದು ಸಣ್ಣವರು ಮಾತ್ರ ಅಂತ ತಿಳಿಯಬೇಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್‌ನವರು ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ತಮ್ಮ ಡೊಮೇನಿನ ಶುಲ್ಕ ಕಟ್ಟಲು ಮರೆತಿದ್ದರು. ಅವರದ್ದೇ ಇಮೇಲ್ ಸೇವೆಯಾದ ಹಾಟ್‌ಮೇಲ್ ಲಾಗಿನ್ ಆಗುತ್ತಿದ್ದದ್ದೇ ಅದರ ಮೂಲಕ. ಜನಕ್ಕೆ ಮೇಲ್ ತೆರೆಯಲಾಗಲಿಲ್ಲ. ಕೊನೆಗೆ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ.

ಅವಧಿ ಮುಗಿದ ಮರುದಿನವೇ ಎಲ್ಲ ಹೋಯಿತು ಅಂತಲ್ಲ. ಡಾಟ್ ಕಾಮ್‌ನಂಥವುಗಳಲ್ಲಿ ಈಗ ಸಾಮಾನ್ಯವಾಗಿ ಸ್ವಲ್ಪ ದಿನ ಮಾಮೂಲಿ ರಿನ್ಯೂಗೆ ಅವಕಾಶ ಕೊಡುತ್ತಾರೆ, ಆಮೇಲೆ 30 ದಿನ ದಂಡದ ಜೊತೆ ಬಿಡಿಸಿಕೊಳ್ಳುವ ಅವಧಿ, ಆಮೇಲೆ 5 ದಿನ ಏನೂ ಮಾಡಲಾಗದ ಅವಧಿ. ಅದಾದ ಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಎತ್ತಿಕೊಳ್ಳಲೆಂದೇ ಕಾದು ಕೂತವರೂ ಇರುತ್ತಾರೆ. ಕಂಪನಿಯಿಂದ ಕಂಪನಿಗೆ ದಿನದ ಲೆಕ್ಕ ಬದಲಾಗುತ್ತದೆ, ಡಾಟ್ ಇನ್‌ನಂಥ ದೇಶದ ಹೆಸರಿನ ಡೊಮೇನ್‌ಗಳಿಗೆ ನಿಯಮವೇ ಬೇರೆ, ಆದ್ದರಿಂದ ನನ್ನ ಮಾತು ನಂಬಿಕೊಂಡು ಕೂರಬೇಡಿ, ನಿಮ್ಮದನ್ನು ಕೇಳಿ ತಿಳಿದುಕೊಳ್ಳಿ. ಇನ್ನು ಹುಡುಗನ ಹೆಸರಲ್ಲಿದ್ದರೆ ಕಾನೂನು ಪ್ರಕಾರ ಅದು ಯಾರದ್ದು ಅಂತ ಕೇಳಿದರೆ, ನಾನು ವಕೀಲ ಅಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ನೋಂದಣಿ ಕಂಪನಿ ಅವರ ಮಾತನ್ನೇ ಕೇಳುತ್ತದೆ ಅನ್ನುವುದಷ್ಟೇ ನನ್ನ ಅನುಭವ.

ನೋಂದಣಿಯಲ್ಲಿ ಸಂಘದ ಹೆಸರು ಇರಲಿ. ಆ ಡೊಮೇನಿಗೆ ಸೇರದ ಒಂದು ಇಮೇಲ್ ಇರಲಿ, ಅದನ್ನು ಇಬ್ಬರು ತೆರೆಯುವಂತಿರಲಿ. ಮುಗಿಯುವ ತಾರೀಕು ಲೆಕ್ಕದ ಪುಸ್ತಕದಲ್ಲೇ ಬರೆದಿಡಿ, ಖಜಾಂಚಿ ಬದಲಾದಾಗ ಪುಸ್ತಕದ ಜೊತೆ ಅದೂ ಕೈ ಬದಲಾಗುತ್ತದೆ.

ಒಂದು ಸಂಘದವರು ಬಂದಾಗ ಜೋರು ಸಿಟ್ಟಿನಲ್ಲಿದ್ದರು. "ಆ ಹುಡುಗ ನಮ್ಮ ಡೊಮೇನ್ ಹೊಡ್ಕೊಂಡು ಹೋಗಿದ್ದಾನೆ, ನೋಟಿಸ್ ಕಳಿಸ್ತೀವಿ" ಅಂದರು. ಮೊದಲು ಒಂದು ಫೋನ್ ಮಾಡೋಣ ಇರಿ ಅಂದೆ. ಹಳೇ ಸ್ನೇಹಿತರನ್ನು ಹಿಡಿದು ನಂಬರ್ ಸಿಗಲು ನಾಲ್ಕು ದಿನ ಬೇಕಾಯಿತು. ಹುಡುಗ ಅಂದರೆ ಈಗ ತಲೆ ನರೆತವನು. ಊರು ಬಿಟ್ಟು 11 ವರ್ಷ ಆಗಿತ್ತಂತೆ, ಅಷ್ಟೂ ವರ್ಷ ಪ್ರತಿ ಸಲ ತನ್ನ ಕೈಯಿಂದಲೇ ರಿನ್ಯೂ ಮಾಡುತ್ತಿದ್ದ. ಈ ಸಲ ಕಾರ್ಡ್ ಬದಲಾಗಿ ದುಡ್ಡು ಕಟ್ ಆಗಿರಲಿಲ್ಲ, ಅಷ್ಟೇ. ಅದೇ ಸಂಜೆ ಕಟ್ಟಿದ. ಸಂಘದ ಹೆಸರಿಗೆ ಬದಲಾಯಿಸಿಕೊಡಲೂ ತಕ್ಷಣ ಒಪ್ಪಿದ.

"ಆ ಸೈಟ್ ಇನ್ನೂ ಯಾರಾದ್ರೂ ನೋಡ್ತಾರಾ ಸಾರ್?" ಅಂತ ಕೇಳಿದ. ಫೋನ್ ಸ್ಪೀಕರ್‌ನಲ್ಲಿತ್ತು. ನಾನು ಉತ್ತರ ಕೊಡಲಿಲ್ಲ, ಫೋನನ್ನು ಅಧ್ಯಕ್ಷರ ಕಡೆ ತಳ್ಳಿದೆ.