ಬಿಡದೇ ಹಿಡಿದ ಬ್ರೇಕು

ಮಗು ಹುಟ್ಟಿದೆ. ತಲೆ ತುಸು ದೊಡ್ಡದು, ತೋಳು ತೊಡೆ ಮೋಟು. ಅಪ್ಪ ಅಮ್ಮ ಇಬ್ಬರೂ ಸಾಮಾನ್ಯ ಎತ್ತರದವರು. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ‘ಇದು ಯಾರ ಕಡೆಯಿಂದ ಬಂತು?’ ಬಸುರಿಯಾಗಿದ್ದಾಗ ತಾಯಿ ಏನು ತಿಂದಳು, ಏನು ಮಾಡಿದಳು ಎಂಬ ವಿಚಾರಣೆಯೂ ಶುರುವಾಗುತ್ತದೆ. ಎಷ್ಟು ನೋವಿನ ವಿಚಾರಣೆ ಅದು! ಅದಕ್ಕೆ ಯಾವ ಆಧಾರವೂ ಇಲ್ಲ.

ಈ ಸ್ಥಿತಿಗೆ ಅಕಾಂಡ್ರೋಪ್ಲೇಸಿಯಾ ಎಂದು ಹೆಸರು. ಸುಮಾರು 25,000 ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಜೀನ್‌ನಿಂದ ಬರುವ ಮೂಳೆಯ ತೊಂದರೆಗಳ ಪಟ್ಟಿ ದೊಡ್ಡದು. 2023ರ ಪಟ್ಟಿಯಲ್ಲಿ 771 ಇವೆ, ಅವುಗಳ ಹಿಂದೆ 552 ಜೀನ್‌ಗಳಿವೆ. ಆದರೆ ಇದೊಂದನ್ನು ಸರಿಯಾಗಿ ನೋಡಿದರೂ ಎಷ್ಟೋ ವಿಷಯ ತಿಳಿಯುತ್ತದೆ.

ಮೊದಲು ಮೂಳೆ ಉದ್ದವಾಗುವ ಬಗೆ ನೋಡೋಣ. ಕೈಕಾಲಿನ ಮೂಳೆ ನಡುವಿನಿಂದ ಹಿಗ್ಗುವುದಿಲ್ಲ. ತುದಿಗಳ ಹತ್ತಿರ ಮೃದ್ವಸ್ಥಿಯ ತೆಳು ಪದರವಿರುತ್ತದೆ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಅಲ್ಲಿ ಜೀವಕೋಶಗಳು ನಾಣ್ಯ ಪೇರಿಸಿದ ಹಾಗೆ ಸಾಲಾಗಿ ನಿಂತಿರುತ್ತವೆ. ಒಂದು ಎರಡಾಗುತ್ತದೆ, ಉಬ್ಬುತ್ತದೆ, ಕೊನೆಗೆ ಆ ಜಾಗದಲ್ಲಿ ಮೂಳೆ ಬಂದು ಕೂರುತ್ತದೆ. ಹರೆಯ ಮುಗಿಯುವ ಹೊತ್ತಿಗೆ ಪದರವೇ ಮೂಳೆಯಾಗಿ ಮುಚ್ಚಿಹೋಗುತ್ತದೆ.

ಈ ಕೆಲಸ ಓಡುತ್ತಲೇ ಇದ್ದರೆ ಆಗದು, ಅಲ್ವಾ? ಬ್ರೇಕ್ ಬೇಕು. ಎಫ್‌ಜಿಎಫ್‌ಆರ್3 ಎಂಬ ಜೀನ್ ಆ ಬ್ರೇಕನ್ನು ತಯಾರಿಸುತ್ತದೆ. ಈ ಜೀನನ್ನೇ ತೆಗೆದುಹಾಕಿದ ಇಲಿಗಳ ಮೂಳೆಗಳು ಅತಿ ಉದ್ದ ಬೆಳೆದವು ಎಂದು 1996ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಕಾಂಡ್ರೋಪ್ಲೇಸಿಯಾದಲ್ಲಿ ಆಗುವುದು ಇದರ ತಿರುಗುಮುರುಗು. ಬ್ರೇಕ್ ಒತ್ತಿದ್ದು ಒತ್ತಿದ ಹಾಗೇ ಉಳಿಯುತ್ತದೆ. ಸುಮ್ನೆ ಬಿಡಬೇಕಾದ ಹೊತ್ತಿನಲ್ಲೂ ಅದು ಕೋಶಗಳನ್ನು ತಡೆಯುತ್ತಲೇ ಇರುತ್ತದೆ.

ಕಾರಣ ಒಂದೇ ಒಂದು ಅಕ್ಷರ. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ, ಅಂದರೆ ಸಾಲಾಗಿ ಪೋಣಿಸಿದ ರಾಸಾಯನಿಕ ಘಟಕಗಳು. ಈ ಜೀನ್‌ನ 1138ನೇ ಜಾಗದಲ್ಲಿ ‘ಜಿ’ ಇರಬೇಕು. ಅಲ್ಲಿ ‘ಎ’ ಬಂದರೆ, ಜೀನ್ ತಯಾರಿಸುವ ಪ್ರೋಟೀನಿನ 380ನೇ ಕೊಂಡಿಯಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲದ ಬದಲು ಆರ್ಜಿನಿನ್ ಎಂಬುದು ಸೇರುತ್ತದೆ. 1994ರಲ್ಲಿ ಇದು ಪತ್ತೆಯಾಯಿತು. ಅಕಾಂಡ್ರೋಪ್ಲೇಸಿಯಾ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಇದೇ ಜಾಗದಲ್ಲೇ ಬದಲಾವಣೆ. ನಮ್ಮ ಜೀನ್‌ಗಳಲ್ಲಿ ಇಷ್ಟು ಸಲ ಮತ್ತೆ ಮತ್ತೆ ಬದಲಾಗುವ ಜಾಗಗಳು ತೀರಾ ಕಡಿಮೆ.

ಹಾಗಾದರೆ ‘ಯಾರ ಕಡೆಯಿಂದ’ ಎಂಬ ಪ್ರಶ್ನೆಗೆ ಉತ್ತರ? ನೂರಕ್ಕೆ 80 ಮಕ್ಕಳಲ್ಲಿ ಬದಲಾವಣೆ ಹೊಸದಾಗಿ ಆಗಿರುತ್ತದೆ. ವಂಶದಲ್ಲಿ ಹುಡುಕಿದರೆ ಸಿಗುವುದಿಲ್ಲ. ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ 1912ರಲ್ಲೇ ಒಂದು ಸುಳಿವು ಹಿಡಿದಿದ್ದರು. ಇಂಥ ಮಕ್ಕಳು ಚೊಚ್ಚಲು ಮಕ್ಕಳಾಗಿರುವುದಕ್ಕಿಂತ ಕೊನೆಯವರಾಗಿರುವುದೇ ಜಾಸ್ತಿ ಎಂದು ಗಮನಿಸಿದ್ದರು. ಮುಂದೆ ಅದು ತಂದೆಯ ವಯಸ್ಸಿಗೆ ಅಂಟಿಕೊಂಡ ವಿಷಯ ಎಂದು ಗೊತ್ತಾಯಿತು. ಹೊಸ ಬದಲಾವಣೆ ಬರುವುದು ವೀರ್ಯಾಣುವಿನ ಮೂಲಕವೇ. ನನಗೆ ತುಂಬ ಅಚ್ಚರಿ ತಂದದ್ದು ಇದರ ಒಳಗುಟ್ಟು. ಮೃದ್ವಸ್ಥಿಯ ಕೋಶವನ್ನು ತಡೆಯುವ ಅದೇ ಅಕ್ಷರ, ವೃಷಣದಲ್ಲಿ ವೀರ್ಯಾಣುವಿಗೆ ಮೂಲವಾಗುವ ಕೋಶಕ್ಕೆ ಬಲ ಕೊಡುತ್ತದೆ. ಅದು ಅಕ್ಕಪಕ್ಕದ ಕೋಶಗಳನ್ನು ಹಿಂದೆ ಹಾಕಿ ಹೆಚ್ಚುತ್ತದೆ. ವಯಸ್ಸಾದಂತೆ ಅದರ ಪಾಲು ಏರುತ್ತದೆ. ಹಾಗಂತ ಇದನ್ನು ತಂದೆಯ ತಪ್ಪು ಎನ್ನುವಂತಿಲ್ಲ. ಮೂವತ್ತರೊಳಗಿನ ತಂದೆಯರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ.

ಬದಲಾವಣೆ ಇರುವವರ ಮಕ್ಕಳಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಕೆಲವು ಮೂಳೆ ತೊಂದರೆಗಳಲ್ಲಿ ಲೆಕ್ಕ ಬೇರೆ. ಎನ್‌ಪಿಆರ್2 ಎಂಬ ಜೀನ್‌ನ ಒಂದು ಪ್ರತಿ ಕೆಟ್ಟರೆ ಎತ್ತರ ತುಸು ಕಡಿಮೆಯಾದೀತು, ಅಷ್ಟೇ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಗುವಿನ ಮುಂಗೈ, ಕಣಕಾಲು, ಬೆರಳುಗಳು ತೀರಾ ಮೋಟಾಗುತ್ತವೆ. ಈ ಎನ್‌ಪಿಆರ್2 ಬ್ರೇಕನ್ನು ಸಡಿಲಿಸುವ ಜೀನ್. ಸಿಎನ್‌ಪಿ ಎಂಬ ಚಿಕ್ಕ ಪ್ರೋಟೀನ್ ಬಂದು ತಾಗಿದಾಗ ಇದರ ಕೆಲಸ ಶುರು.

ಔಷಧಿಗೆ ದಾರಿ ಸಿಕ್ಕಿದ್ದು ಅಲ್ಲೇ. ಎಫ್‌ಜಿಎಫ್‌ಆರ್3ಯನ್ನು ಮುಟ್ಟದೆ, ಸಿಎನ್‌ಪಿ ಕಡೆಯಿಂದ ಒತ್ತು ಕೊಟ್ಟರೆ ಹೇಗೆ? ದೇಹದ ಸಿಎನ್‌ಪಿ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಉಳಿಯುವ ರೂಪ ವೊಸೊರಿಟೈಡ್. 2021ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ದಿನವೂ ಚುಚ್ಚುಮದ್ದು ಬೇಕು. ಪ್ರಯೋಗದಲ್ಲಿ ಮಕ್ಕಳು ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಜಾಸ್ತಿ ಬೆಳೆದರು. ಗ್ರೋತ್ ಪ್ಲೇಟ್ ಮುಚ್ಚಿದ ಮೇಲೆ ಇದರಿಂದ ಪ್ರಯೋಜನವಿಲ್ಲ. ಗಿಡ್ಡಗಿರುವುದು ರೋಗವೇ ಅಲ್ಲ, ಬದಲಿಸಬೇಕಾದ್ದು ಜನರ ನೋಟ ಎಂದು ಹೇಳುವವರೂ ಅಕಾಂಡ್ರೋಪ್ಲೇಸಿಯಾ ಇರುವವರಲ್ಲೇ ಇದ್ದಾರೆ. ಆ ಮಾತಿಗೆ ಕಿವಿಗೊಡಲೇಬೇಕು.

ಸೆಂಟಿಮೀಟರ್‌ಗಿಂತ ಮುಂಚೆ ಯೋಚಿಸಬೇಕಾದ್ದು ಇನ್ನೊಂದಿದೆ. ತಲೆಬುರುಡೆಯ ಬುಡದಲ್ಲಿ ಬೆನ್ನುಹುರಿ ಇಳಿಯುವ ರಂಧ್ರವೂ ಈ ಮಕ್ಕಳಲ್ಲಿ ಕಿರಿದು. ಮೊದಲ ಎರಡು ವರ್ಷ ಅಲ್ಲಿ ನರ ಒತ್ತಿಹೋಗಿ, ನಿದ್ದೆಯಲ್ಲಿ ಉಸಿರು ನಿಲ್ಲುವ ಅಪಾಯವಿದೆ. ಜೋರು ಗೊರಕೆ, ಉಸಿರಿನ ನಡುವೆ ಬಿಡುವು, ಕೈಕಾಲಲ್ಲಿ ಬಲವಿಲ್ಲದಿರುವುದು, ಇವನ್ನು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಿದ್ದೆಯ ಪರೀಕ್ಷೆ, ಎಂಆರ್‌ಐ ಮಾಡಿ ನೋಡುತ್ತಾರೆ. ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ಆ ರಂಧ್ರವನ್ನು ಹಿಗ್ಗಿಸುತ್ತಾರೆ.